ಈದ್‌ಗೆ ಬರಬೇಕಿದ್ದ ಹುಳ

ಬಾಲ್ತಜಾರನಿಗೆ "ಇಲ್ಲ" ಎನ್ನಲು ಬರುತ್ತಿರಲಿಲ್ಲ. ಹಾಗೆಂದು "ಹೌದು" ಎನ್ನುವುದೂ ಅವನಿಗೆ ಸುಲಭವಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಮೊದಲು ತಲೆ ಕೆರೆಯುತ್ತಿದ್ದ, ಆಮೇಲೆ ಕನ್ನಡಕ ತೆಗೆದು ಒರೆಸುತ್ತಿದ್ದ. ಅಷ್ಟರಲ್ಲಿ ಕೇಳಿದವರು ಇವನು ಒಪ್ಪಿದನೆಂದೇ ತಿಳಿದು ಹೊರಟುಹೋಗಿರುತ್ತಿದ್ದರು. ಹೀಗೆ ಕನ್ನಡಕ ಒರೆಸುತ್ತಾ ಒಪ್ಪಿಕೊಂಡ ಕೆಲಸಗಳಲ್ಲಿ ಹುಳ ಕಟ್ಟುವುದೂ ಒಂದು.

ರಾಸ್ ತನೂರಾದಲ್ಲಿ ಎಣ್ಣೆ ಶುದ್ಧೀಕರಣ ಘಟಕಕ್ಕೆ ಬಿಡಿಭಾಗ ಒದಗಿಸುವ ಒಂದು ಕಂಪೆನಿಯ ಸ್ಟೋರಿನಲ್ಲಿ ಅವನಿಗೆ ಕೆಲಸ. ಮಂಗಳೂರಿನಲ್ಲಿದ್ದಾಗ ಹಗಲು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಅವನ ಮೇಲಧಿಕಾರಿ ಪೆಂಬರ್ಟನ್ ಇಂಗ್ಲೆಂಡಿನವರು. ಅವರು ಬಂದ ಹೊಸತರಲ್ಲೇ ಹೆಬ್ಬೆರಳನ್ನು ಒಂದು ಕಬ್ಬಿಣದ ಮುಚ್ಚಳದಡಿ ಸಿಕ್ಕಿಸಿಕೊಂಡರು. ಗಾಯ ಮಾಗಿದರೂ ಬೆರಳು ಸರಿಯಾಗಿ ಮಡಚಲು ಬರಲಿಲ್ಲ. ಆಗ ಅವರಿಗೆ ಕಾಣಿಸಿದ್ದು ಬಾಲ್ತಜಾರನ ಕೈ. ಅವನು ಸ್ಟೋರಿನ ಚೀಟಿಗಳಿಗೆ ದಾರ ಕಟ್ಟುತ್ತಿದ್ದ. ಗಂಟು ಸಣ್ಣದಾಗಿತ್ತು, ಎಲ್ಲವೂ ಒಂದೇ ಅಳತೆಯಲ್ಲಿದ್ದವು.

"ನನಗೆ ಕೆಲವು ಹುಳ ಕಟ್ಟಿಕೊಡುತ್ತೀಯಾ?" ಎಂದು ಅವರು ಕೇಳಿದರು. ಬಾಲ್ತಜಾರ್ ಕನ್ನಡಕ ತೆಗೆದ.

ಪೆಂಬರ್ಟನ್ನರ ಊರಿನ ಹೊಳೆಯಲ್ಲಿ ಟ್ರೌಟ್ ಎಂಬ ಮೀನು. ಅದನ್ನು ಎರೆಹುಳ ಹಾಕಿ ಹಿಡಿಯುವುದು ಅವರ ಪೈಕಿ ಮರ್ಯಾದಸ್ಥರ ಲಕ್ಷಣವಲ್ಲವಂತೆ. ಆ ಹೊಳೆಯ ತಳದಲ್ಲಿ ವರ್ಷವಿಡೀ ಬೆಳೆದ ಹುಳಗಳು ಒಂದು ಕಾಲ ಬಂದಾಗ ಒಟ್ಟಾಗಿ ಮೇಲೆದ್ದು ರೆಕ್ಕೆ ಬಿಚ್ಚುತ್ತವೆ, ನಮ್ಮಲ್ಲಿ ಮೊದಲ ಮಳೆಗೆ ದೀಪದ ಸುತ್ತ ಮಳೆಹುಳ ಏಳುವ ಹಾಗೆ. ಒಂದೊಂದು ಜಾತಿಗೆ ಒಂದೊಂದು ಕಾಲ. ಆ ಹೊತ್ತಿಗೆ ಯಾವ ಹುಳ ಎದ್ದಿದೆಯೋ ಮೀನಿಗೆ ಅದೇ ಬೇಕು, ಬೇರೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಗಾಳಕ್ಕೆ ಗರಿ, ಕೂದಲು, ನೂಲು ಸುತ್ತಿ ಆ ಹುಳದ ಹಾಗೆಯೇ ಕಾಣುವಂತೆ ಕಟ್ಟಬೇಕು. ಬಣ್ಣ ತಪ್ಪಬಾರದು, ಗಾತ್ರ ತಪ್ಪಬಾರದು. ಎಲ್ಲಕ್ಕಿಂತ ಮುಖ್ಯ, ಕಾಲ ತಪ್ಪಬಾರದು.

ಮುಖ್ಯವಾಗಿ ಎರಡು ಪಂಗಡ. ಮೇಫ್ಲೈ ಕುಳಿತರೆ ರೆಕ್ಕೆ ದೋಣಿಯ ಹಾಯಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕ್ಯಾಡಿಸ್ ಕುಳಿತರೆ ರೆಕ್ಕೆ ಹೆಂಚಿನ ಮಾಡಿನ ಹಾಗೆ ಎರಡೂ ಕಡೆ ಇಳಿಯುತ್ತದೆ. ಹಾಯಿ ಮತ್ತು ಮಾಡು. ಬಾಲ್ತಜಾರ್ ಪೆಂಬರ್ಟನ್ ಕೊಟ್ಟ ಪುಸ್ತಕವನ್ನು ಸಂಜೆ ಕಾಲೇಜಿನ ಪರೀಕ್ಷೆಗೆ ಓದಿದ ಹಾಗೆ ಓದಿದ. ಈ ಮರಳುಗಾಡಿನಲ್ಲಿ ಕುಳಿತು, ತಾನೆಂದೂ ಕಾಣದ ಹೊಳೆಯ ತಾನೆಂದೂ ಕಾಣದ ಮೀನಿಗೆ, ನಾಲ್ಕು ವರ್ಷದಿಂದ ಅವನು ಅಡುಗೆ ಮಾಡುತ್ತಿದ್ದ ಎಂದರೂ ಆದೀತು.

ಆ ಅಡುಗೆಯ ಸಾಮಾನು ಸಿಗುತ್ತಿದ್ದುದು ರಹೀಮಾ ಪೇಟೆಯಲ್ಲಿ. ಅಲ್ಲಿ ಭಟ್ಕಳದ ಝಿಯಾವುದ್ದೀನ್ ಭಾಯಿಯ ಬಟ್ಟೆ ಅಂಗಡಿ. ನೂಲು ಅವರಲ್ಲಿ, ಹುಂಜದ ಗರಿ ಪಕ್ಕದ ಕೋಳಿ ಅಂಗಡಿಯಲ್ಲಿ. ಕೋಳಿ ಮಾರುವ ಯೆಮನಿ ಮೈತುಂಬಿದ ಹುಂಜವನ್ನು ಎತ್ತಿ ತೋರಿಸಿದರೆ ಇವನು ಕತ್ತಿನ ಗರಿಯನ್ನು ಬೆಳಕಿಗೆ ಹಿಡಿದು ನೋಡಿ, ಯಾರಿಗೂ ಬೇಡದ ಬಡಕಲು ಮುದಿ ಹುಂಜವನ್ನು ಆರಿಸುತ್ತಿದ್ದ.

"ಬಾಲ್ತಿ, ನನ್ನ ಅಂಗಡಿಯಲ್ಲಿ ಖರ್ಜೂರದ ಡಬ್ಬದ ಮೇಲೆ ಇಷ್ಟು ನೊಣ ಉಂಟಲ್ಲ ಮಾರಾಯ" ಎನ್ನುತ್ತಿದ್ದರು ಝಿಯಾವುದ್ದೀನ್. "ಅದನ್ನು ಪುಕ್ಕಟೆ ಕೊಡ್ತೇನೆ ಅಂದ್ರೆ ಬೇಡ. ನೂಲು ತಗೊಂಡು ಹೋಗಿ ನೊಣ ಮಾಡ್ತಿ."

ಮನೆಯಲ್ಲಿ ಹೆಂಡತಿ ಜೆಮ್ಮಾ. ಕ್ಯಾಂಪಿನ ಆಸ್ಪತ್ರೆಯಲ್ಲಿ ನರ್ಸ್. ಆ ಮುದಿ ಹುಂಜಗಳನ್ನು ಬೇಯಿಸುವ ಪಾಡು ಅವಳದು. "ಸಾಹೇಬರ ಮೀನಿಗೆ ಗರಿ, ನಮಗೆ ಮೂಳೆ" ಎಂದು ಅವಳು ಪ್ರೆಶರ್ ಕುಕ್ಕರಿಗೆ ಮತ್ತೊಂದು ವಿಸಲ್ ಕೊಡುತ್ತಿದ್ದಳು.

ಕಂಪೆನಿಯಲ್ಲಿ ರಜೆಯ ಕ್ರಮ ಹೀಗಿತ್ತು. ರಂಜಾನ್ ತಿಂಗಳಲ್ಲಿ ಉಪವಾಸ ಮಾಡದವರು ಆಫೀಸು ನೋಡಿಕೊಳ್ಳಬೇಕು, ಅವರಿಗೆ ಆಗ ರಜೆ ಇಲ್ಲ. ಈದ್ ಆದ ಮೇಲಿನ ಒಂದು ತಿಂಗಳಲ್ಲಿ ಊರಿಗೆ ಹೋಗಿ ಬರಬಹುದು. ಆದರೆ ಸ್ಟೋರಿಗೆ ರುಜು ಹಾಕುವವರು ಇಬ್ಬರೇ, ಪೆಂಬರ್ಟನ್ ಮತ್ತು ಬಾಲ್ತಜಾರ್. ಇಬ್ಬರಲ್ಲಿ ಒಬ್ಬರು ಇರಲೇಬೇಕು. ಮೊದಲ ಹದಿನೈದು ದಿನ ಪೆಂಬರ್ಟನ್, ಆಮೇಲಿನ ಹದಿನೈದು ದಿನ ಬಾಲ್ತಜಾರ್. ಇದನ್ನು ಯಾರೂ ನಿಯಮವೆಂದು ಮಾಡಿರಲಿಲ್ಲ. ಮೊದಲ ವರ್ಷ ಪೆಂಬರ್ಟನ್ "ನಾನು ಮೊದಲು ಹೋಗಲೇ?" ಎಂದು ಕೇಳಿದಾಗ ಬಾಲ್ತಜಾರ್ ಕನ್ನಡಕ ಒರೆಸುತ್ತಿದ್ದ, ಅಷ್ಟೆ.

ಈದ್ ಚಂದ್ರನ ಲೆಕ್ಕದ ಹಬ್ಬ. ಗೋಡೆಯ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಪೆಂಬರ್ಟನ್ ಬಂದ ವರ್ಷ ಅದು ಜುಲೈ ನಡುವಿನಲ್ಲಿತ್ತು. ಆಗ ಅವರ ಹೊಳೆಯಲ್ಲಿ ಏಳುವುದು ಮುಸ್ಸಂಜೆಯ ಸಣ್ಣ ಕ್ಯಾಡಿಸ್ ಮಾತ್ರ. ಅವರ ಜೀವವೆಲ್ಲ ಇದ್ದುದು ದೊಡ್ಡ ಮೇಫ್ಲೈ ಮೇಲೆ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಹೆಚ್ಚೆಂದರೆ ಎರಡು ವಾರ ಅದರ ಕಾಲ. ಆಗ ವರ್ಷವಿಡೀ ಬಿಗುಮಾನದಲ್ಲಿರುವ ಮುದಿ ಟ್ರೌಟುಗಳೂ ನಾಚಿಕೆ ಬಿಟ್ಟು ಮೇಲೆ ಬಂದು ತಿನ್ನುತ್ತವಂತೆ. ಕಳೆದ ವರ್ಷ ಅವರು ಊರು ತಲುಪುವಾಗ ನೀರಿನ ಮೇಲೆ ಸತ್ತ ಮೇಫ್ಲೈಗಳು ತೇಲುತ್ತಿದ್ದವು. ಈ ವರ್ಷ, ಅಂದರೆ ಎಂಬತ್ತೇಳರಲ್ಲಿ, ಈದ್ ಬರುವುದು ಸರಿಯಾಗಿ ಮೇ ಕೊನೆಗೆ.

"ನಿಮ್ಮ ಹಬ್ಬ ನನ್ನ ಹೊಳೆಯ ಕಡೆಗೆ ನಡೆದುಕೊಂಡು ಬರುತ್ತಿದೆ" ಎಂದು ಪೆಂಬರ್ಟನ್ ಝಿಯಾವುದ್ದೀನರಿಗೆ ಹೇಳಿದ್ದರು. ಝಿಯಾವುದ್ದೀನ್ ಗಂಭೀರವಾಗಿ, "ಬರ್ತದೆ ಸಾಬ್, ಕೂತುಕೊಳ್ಳಲಿಕ್ಕೆ ಒಂದು ಕುರ್ಚಿ ಹಾಕಿ ಇಡಿ" ಎಂದಿದ್ದರು.

ಊರಿನಿಂದ ಕ್ಯಾಸೆಟ್ ಬಂದದ್ದು ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದ ಒಂದು ಶುಕ್ರವಾರ. ಆಗ ಗಲ್ಫಿನಲ್ಲಿದ್ದವರ ಮನೆಯವರು ಕಾಗದ ಬರೆಯುವ ಬದಲು ಟೇಪಿನಲ್ಲಿ ಮಾತಾಡಿ ಊರಿಂದ ಹೊರಡುವವರ ಕೈಯಲ್ಲಿ ಕಳುಹಿಸುವುದಿತ್ತು. ಬಾಲ್ತಜಾರನ ತಂಗಿ ಕ್ಯಾಥರಿನ್ನಳ ದನಿ, ಹಿಂದಿನಿಂದ ತಾಯಿಯ ಕೆಮ್ಮು, ಅದರ ಹಿಂದೆ ಕೋಳಿ ಕೂಗು. ಮದುವೆ ಗೊತ್ತಾಗಿತ್ತು. ಹುಡುಗ ಸಿಮೋನ್ ಹಡಗಿನಲ್ಲಿ ಕೆಲಸದವನು, ಮತ್ತೆ ಹಡಗು ಹತ್ತಬೇಕು, ಮಳೆ ಬಲವಾಗುವ ಮೊದಲು ಆಗಬೇಕು. ಜೂನ್ ಒಂದು, ಸೋಮವಾರ. ಇಗರ್ಜಿಯಲ್ಲಿ ಹೇಳಿಯಾಗಿದೆ.

"ಮದುವೆ ಸಂಜೆ ನನ್ನನ್ನು ಗಂಡಿನ ಮನೆಯವರಿಗೆ ಒಪ್ಪಿಸಿ ಕೊಡ್ಲಿಕ್ಕೆ ಅಪ್ಪ ಇಲ್ಲ" ಎಂದಿತು ಟೇಪು. "ನೀನು ಬರದಿದ್ರೆ ನೊರ್ಬರ್ಟ್ ಮಾವ ಒಪ್ಪಿಸ್ತಾರಂತೆ ಅಣ್ಣ. ಅವರು ಒಪ್ಪಿಸುವ ಮೊದಲು ಭಾಷಣ ಮಾಡ್ತಾರೆ. ಭಾಷಣ ಮುಗಿಯುವಾಗ ಸಿಮೋನನ ಹಡಗು ಹೋಗಿರ್ತದೆ." ಅವಳು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಟೇಪು ಬರಿದೇ ಸುತ್ತಿತು. "ನೀನೇ ಬಾ ಆಯ್ತಾ. ನನ್ನ ಕೈ ನೀನೇ ಹಿಡಿದು ಕೊಡ್ಬೇಕು."

ಅಪ್ಪ ತೀರಿಕೊಂಡಾಗ ಕ್ಯಾಥರಿನ್ನಳಿಗೆ ಇನ್ನೂ ಹಾಲುಹಲ್ಲು. ಆ ಕೈ ಹಿಡಿದು ಶಾಲೆಗೆ ದಾಟಿಸಿದವನು ಬಾಲ್ತಜಾರ್. ಅವನು ಟೇಪು ನಿಲ್ಲಿಸಿ, ಗೋಡೆಯ ಕ್ಯಾಲೆಂಡರ್ ನೋಡಿದ. ಜೂನ್ ಒಂದು ಎಂದರೆ ಈದ್ ಆದ ಕೂಡಲೇ. ಪೆಂಬರ್ಟನ್ನರ ಹದಿನೈದು ದಿನ. ಮೇಫ್ಲೈಯ ಹದಿನೈದು ದಿನ.

"ನಾಳೆ ಕೇಳಿ" ಎಂದಳು ಜೆಮ್ಮಾ. "ಕೇಳಿದ್ರೆ ಕೊಡ್ತಾರೆ. ನಾನು ಮೇಟ್ರನ್ ಹತ್ರ ಕೇಳಿದಾಗೆಲ್ಲ ಕೂಡ್ಲೇ ರಜೆ ಸಿಕ್ಕಿದೆ."

ಬಾಲ್ತಜಾರ್ ಮರುದಿನ ಕೇಳಲೆಂದೇ ಹೋದ. ಇಂಗ್ಲಿಷ್ ವಾಕ್ಯವನ್ನು ದಾರಿಯುದ್ದಕ್ಕೂ ಉರುಹೊಡೆದುಕೊಂಡಿದ್ದ. ಬಾಗಿಲು ತೆಗೆದಾಗ ಪೆಂಬರ್ಟನ್ ಹುಳದ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ಅಲ್ಯೂಮಿನಿಯಮ್ಮಿನ ಡಬ್ಬಿ, ಒಳಗೆ ಸಣ್ಣ ಸಣ್ಣ ಕೋಣೆ. ನಾಲ್ಕು ವರ್ಷದಿಂದ ಎಲ್ಲ ಕೋಣೆಗಳಲ್ಲೂ ಕ್ಯಾಡಿಸ್ ತುಂಬಿ, ಮೇಫ್ಲೈಯ ಕೋಣೆ ಮಾತ್ರ ಖಾಲಿ ಇತ್ತು. ಅವರು ಆ ಖಾಲಿ ಕೋಣೆಯನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

"ಬಾಲ್ತಜಾರ್! ಈ ಸಲ ಇದನ್ನು ತುಂಬೋಣ" ಎಂದರು.

ಮನೆಗೆ ಬಂದಾಗ ಜೆಮ್ಮಾ ಬಾಗಿಲಲ್ಲೇ ಕೇಳಿದಳು. "ಕೇಳಿದ್ರಾ?"

"ಕೇಳ್ಲಿಕ್ಕೆ ಹೋಗಿದ್ದೆ."

"ಮತ್ತೆ?"

"ಎರಡು ಡಜನ್ ಕಟ್ಟಲಿಕ್ಕೆ ಹೇಳಿದ್ರು."

ಜೆಮ್ಮಾ ಒಳಗೆ ಹೋದಳು. ಒಳಗಿನಿಂದ ಅವಳ ನಗು ಕೇಳಿತು. ಅದು ಪೂರ್ತಿ ನಗುವೂ ಆಗಿರಲಿಲ್ಲ.

ಹಾಗೆ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆಯಿತು, ರಂಜಾನ್ ಹತ್ತಿರ ಬಂತು. ಬಾಲ್ತಜಾರ್ ತಂಗಿಗೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಸಂಜೆಯಾದರೆ ಮೇಫ್ಲೈ ಕಟ್ಟುತ್ತಾ ಕೂರುತ್ತಿದ್ದ. ಮೈಗೆ ಖರ್ಜೂರದ ಗರಿಯ ಒಣ ಸಿಪ್ಪೆ, ಬಾಲಕ್ಕೆ ಮೂರು ಕೂದಲು, ರೆಕ್ಕೆಗೆ ಬಾತುಕೋಳಿಯ ಎದೆಯ ಗರಿ. ಸಾಹೇಬರ ಹುಳ ಚೆನ್ನಾಗಿ ಆದಷ್ಟೂ ತನ್ನ ಮದುವೆಮನೆ ದೂರವಾಗುತ್ತದೆಂದು ಗೊತ್ತಿದ್ದರೂ ಕೈ ಮಾತ್ರ ಕೆಟ್ಟದಾಗಿ ಕಟ್ಟಲು ಕೇಳುತ್ತಿರಲಿಲ್ಲ. ಒಂದು ರೆಕ್ಕೆ ಓರೆಯಾದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ನಿಮ್ಮ ತಂಗಿಗಾದ್ರೂ ಇಷ್ಟು ಚಂದ ಬಟ್ಟೆ ತೊಡಿಸಿದ್ದೀರಾ?" ಎಂದಳು ಜೆಮ್ಮಾ, ಒಂದು ಹುಳವನ್ನು ಬೆರಳ ತುದಿಯಲ್ಲಿ ಹಿಡಿದು.

ಮೇ ತಿಂಗಳ ನಡುವೆ ಬೆಂಕಿಪೊಟ್ಟಣ ಬಂತು. ಪೆಂಬರ್ಟನ್ನರ ಅಕ್ಕ ಆ ಹೊಳೆಯ ತಿರುವಿನಲ್ಲೇ ಮನೆ ಮಾಡಿಕೊಂಡಿದ್ದಾರೆ. ಪ್ರತಿ ವರ್ಷ ರಜೆಗೆ ಮೊದಲು ಅವರು ಆ ದಿನ ಹೊಳೆಯಲ್ಲಿ ಎದ್ದ ಹುಳಗಳನ್ನು ಹತ್ತಿಯಲ್ಲಿಟ್ಟು ಖಾಲಿ ಬೆಂಕಿಪೊಟ್ಟಣದಲ್ಲಿ ಕಳುಹಿಸುತ್ತಿದ್ದರು, ಕಟ್ಟುವವನಿಗೆ ಬಣ್ಣ ಸರಿಯಾಗಿ ಸಿಗಲಿ ಎಂದು. ಜೊತೆಗೆ ದಡದ ಮುಳ್ಳುಗಿಡದ ಒಂದು ಹೂವು, ಅದು ತಮ್ಮನಿಗೆ. ಕೆಲಸದ ಗಡಿಬಿಡಿಯಲ್ಲಿದ್ದ ಪೆಂಬರ್ಟನ್ ಪೊಟ್ಟಣವನ್ನು ತೆರೆಯದೆಯೇ ಬಾಲ್ತಜಾರನ ಕೈಗಿಟ್ಟರು. "ಬಣ್ಣ ನೋಡಿಕೋ."

ಬಾಲ್ತಜಾರ್ ಮನೆಯಲ್ಲಿ ಜೆಮ್ಮಾಳ ಚಿಮಟ ಮತ್ತು ಭೂತಗನ್ನಡಿ ಹಿಡಿದು ಕುಳಿತ. ಹತ್ತಿ ಸರಿಸಿದ. ಅಲ್ಲಿ ಹಾಯಿ ಇರಲಿಲ್ಲ, ಮಾಡು ಇತ್ತು. ಎಲ್ಲವೂ ಕ್ಯಾಡಿಸ್. ಕಂದು ರೆಕ್ಕೆ, ಹೆಣ್ಣುಗಳ ಬಾಲದ ತುದಿಯಲ್ಲಿ ಹಸಿರು ಮೊಟ್ಟೆಯ ಸಣ್ಣ ಉಂಡೆ. ಪುಸ್ತಕದ ಪ್ರಕಾರ ಇದು ಏಪ್ರಿಲ್ ತಿಂಗಳ ಹುಳ. ಮೇ ಹುಟ್ಟುವಾಗ ಇದರ ಸಂಸಾರ ಮುಗಿದಿರಬೇಕು. ಅವನು ಹೂವನ್ನು ಹುಡುಕಿದ. ಹೋದ ವರ್ಷ ಇದೇ ಹೊತ್ತಿಗೆ ಅರಳಿದ ಬಿಳಿ ಹೂವು ಬಂದಿತ್ತು. ಈ ವರ್ಷ ಬಂದದ್ದು ಅದೇ ಗಿಡದ ಬಿಗಿದ ಮೊಗ್ಗು.

ಆ ಚಳಿಗಾಲ ಇಂಗ್ಲೆಂಡಿನಲ್ಲಿ ಹಿಮ ಬಿದ್ದು ರಸ್ತೆಗಳೇ ಮುಚ್ಚಿದ್ದವೆಂದು ರೇಡಿಯೋದಲ್ಲಿ ಕೇಳಿದ್ದು ನೆನಪಾಯಿತು. ಹೊಳೆ ಇನ್ನೂ ತಣ್ಣಗಿದೆ. ಏಪ್ರಿಲ್‌ನ ಹುಳ ಈಗ ಏಳುತ್ತಿದೆಯೆಂದರೆ ಮೇಫ್ಲೈ ಏಳುವುದು ಜೂನ್ ನಡುವಿನಲ್ಲಿ. ಅಂದರೆ ತನ್ನ ಹದಿನೈದು ದಿನದಲ್ಲಿ. ರಜೆ ಅದಲು ಬದಲು ಮಾಡಿದರೆ ಸಾಹೇಬರಿಗೆ ಹುಳ, ತನಗೆ ಮದುವೆ.

ಅಷ್ಟು ಸಂತೋಷವಾದ ಕೂಡಲೇ ಬಾಲ್ತಜಾರನಿಗೆ ತನ್ನ ಮೇಲೆಯೇ ಸಂಶಯ ಬಂತು. ಬೇಕಾದದ್ದೇ ಕಾಣಿಸುವುದೆಂದರೆ ಕಣ್ಣಿನ ಮೋಸವಿರಬೇಕು.

"ಜೆಮ್ಮಾ, ಇದರ ಬಾಲ ಯಾವ ಬಣ್ಣ?"

"ಹಸಿರು."

"ನೀನು ನನ್ನ ಮೇಲಿನ ಕನಿಕರದಿಂದ ಹೇಳುದಲ್ವಾ?"

"ನನಗೆ ನಿಮ್ಮ ಮೇಲೆ ಕನಿಕರ ಉಂಟು, ಹುಳದ ಮೇಲೆ ಇಲ್ಲ" ಎಂದಳು ಜೆಮ್ಮಾ.

ಅದೂ ಸಾಲದೆ ಅವನು ಮರುದಿನ ಸಂಜೆ ಪೊಟ್ಟಣ ಹಿಡಿದುಕೊಂಡು ರಹೀಮಾಕ್ಕೆ ಹೋದ. ಝಿಯಾವುದ್ದೀನ್ ಉಪವಾಸ ಬಿಟ್ಟು, ಸಮೋಸ ತಿಂದು, ಗಲ್ಲಾಪೆಟ್ಟಿಗೆಯ ಹಿಂದೆ ತೃಪ್ತರಾಗಿ ಕುಳಿತಿದ್ದರು. ಹುಳವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, ಎದ್ದು ಹೋಗಿ, ಹಸಿರು ನೂಲಿನ ಉಂಡೆಗಳ ಸಾಲಿನಿಂದ ಒಂದನ್ನು ತೆಗೆದು ಪಕ್ಕದಲ್ಲಿಟ್ಟರು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಇದು ಗಿಳಿ ಹಸಿರು" ಎಂದರು. "ಈಗ ಎಂತ ಕಷ್ಟ?"

ಬಾಲ್ತಜಾರ್ ಎಲ್ಲವನ್ನೂ ಹೇಳಿದ. ಮದುವೆ, ರಜೆ, ಹೊಳೆಯ ಚಳಿ.

"ಹಾಗಾದ್ರೆ ಹೋಗಿ ಸಾಬರಿಗೆ ಹೇಳು."

"ಹೇಗೆ ಹೇಳುದು ಝಿಯಾ ಭಾಯಿ? ನಾನು ಮದುವೆಗೋಸ್ಕರ ಹುಳದ ಕತೆ ಕಟ್ಟಿದೆ ಅಂತ ಅವರು ತಿಳೀಬಹುದು."

"ಅವರಿಗೆ ಮದುವೆ ವಿಷಯ ಗೊತ್ತುಂಟಾ?"

"ಇಲ್ಲ. ನಾನು ಹೇಳ್ಲಿಲ್ಲ."

"ಮತ್ತೆ ಹೇಗೆ ತಿಳೀತಾರೆ?"

"ಆಮೇಲೆ ಗೊತ್ತಾಗ್ತದಲ್ಲ. ಆಗ ತಿಳೀತಾರೆ."

ಝಿಯಾವುದ್ದೀನ್ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿದರು. "ಬಾಲ್ತಿ, ನಾನು ಎಷ್ಟೋ ವರ್ಷದಿಂದ ವ್ಯಾಪಾರ ಮಾಡ್ತಾ ಇದ್ದೇನೆ. ಸುಳ್ಳು ಹೇಳಿ ಲಾಭ ಮಾಡಿದವರನ್ನು ನೋಡಿದ್ದೇನೆ, ನಿಜ ಹೇಳಿ ನಷ್ಟ ಮಾಡಿಕೊಂಡವರನ್ನೂ ನೋಡಿದ್ದೇನೆ. ನಿಜ ಹೇಳಿದ್ರೆ ಲಾಭ ಆಗ್ತದೆ ಅಂತ ಹೆದರಿ ಓಡುವವ ನೀನೊಬ್ಬನೇ ಮಾರಾಯ." ಆಮೇಲೆ ದನಿ ತಗ್ಗಿಸಿ ಹೇಳಿದರು. "ಈದ್ ಹತ್ತಿರ ಬಂದ್ರೆ ಜವಾಜಾತ್ ಆಫೀಸು ಮುಚ್ತಾರೆ. ಪಾಸ್‌ಪೋರ್ಟಿಗೆ ಹೋಗಿ ಬರುವ ಮುದ್ರೆ ಅದಕ್ಕಿಂತ ಮೊದಲು ಬೀಳ್ಬೇಕು. ಆಮೇಲೆ ನಿನ್ನ ಸಾಬ್ ಒಪ್ಪಿದ್ರೂ ನೀನು ಇಲ್ಲೇ. ಗೊತ್ತುಂಟಲ್ಲ?"

ಗೊತ್ತಿತ್ತು. ಬಾಲ್ತಜಾರ್ ಗಿಳಿ ಹಸಿರು ನೂಲು ಕೊಂಡ.

ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳಬಹುದೆಂದು ಅವನು ಯೋಚಿಸಿದ್ದ. ಆ ರಾತ್ರಿ ಒಂದೇ ಒಂದು ಕ್ಯಾಡಿಸ್ ಕಟ್ಟಿದ. ಒಂಟೆಯ ಕೂದಲಿನ ಮೈ, ಕಂದು ಗರಿಯ ಮಾಡು, ಬಾಲದ ತುದಿಗೆ ಹಸಿರು ನೂಲಿನ ಉಂಡೆ. ಅದನ್ನು, ತುಂಬಲೆಂದು ಸಾಹೇಬರು ಕೊಟ್ಟಿದ್ದ ಡಬ್ಬಿಯ ಮೇಫ್ಲೈ ಕೋಣೆಯಲ್ಲಿ, ಎರಡು ಡಜನ್ ಹಾಯಿಗಳ ಎದುರಿಗೆ, ಅಡ್ಡಗಟ್ಟುವ ಹಾಗೆ ಇಟ್ಟ. ಸಾಹೇಬರು ನೋಡುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ, ತಾವಾಗಿ ರಜೆ ಬದಲಿಸುತ್ತಾರೆ. ತಾನು ಯಾರ ಮನಸ್ಸನ್ನೂ ತಿರುಗಿಸಿದ ಹಾಗಾಗುವುದಿಲ್ಲ.

"ನೀವು ಹುಳದ ಕೈಯಲ್ಲಿ ಅರ್ಜಿ ಕಳಿಸ್ತೀರಾ?" ಎಂದಳು ಜೆಮ್ಮಾ. "ಆಯ್ತು. ಅದಕ್ಕೆ ಇಂಗ್ಲಿಷ್ ಬರ್ತದೆ ಅಂತ ಆಶಿಸೋಣ."

ಮರುದಿನ ಪೆಂಬರ್ಟನ್ ಡಬ್ಬಿ ತೆರೆದರು. ಮೊದಲು ಅವರ ಮುಖವಿಡೀ ಅರಳಿತು. ಆಮೇಲೆ ಕಣ್ಣು ಆ ಒಂದರ ಮೇಲೆ ನಿಂತಿತು. ಮಡಚದ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಹೊರಳಿಸಿ ಹಸಿರು ನೋಡಿದರು.

"ಇದು ಏಪ್ರಿಲಿನವನು. ಇವನಿಗೆ ಇಲ್ಲಿ ಏನು ಕೆಲಸ?"

"ಪೊಟ್ಟಣದಲ್ಲಿದ್ದ, ಸರ್" ಎಂದ ಬಾಲ್ತಜಾರ್. ಬೆಂಕಿಪೊಟ್ಟಣ ಮುಂದಿಟ್ಟ. "ಎಲ್ಲರೂ ಇವನೇ."

ಪೆಂಬರ್ಟನ್ ಪೊಟ್ಟಣ ತೆರೆದರು. ಹುಳಗಳಿಗಿಂತ ಹೆಚ್ಚು ಹೊತ್ತು ಮೊಗ್ಗನ್ನು ನೋಡಿದರು. ಕುರ್ಚಿಗೆ ಒರಗಿ, ಎಲ್ಲ ಲೆಕ್ಕವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದು ಅವರ ಮುಖದಲ್ಲೇ ಕಾಣಿಸಿತು.

"ಜೂನ್ ನಡುವಿಗೆ" ಎಂದರು ಕೊನೆಗೆ. "ಈದ್ ಬಂತು, ಹುಳ ತಡವಾಯಿತು. ನಾಲ್ಕು ವರ್ಷ ಒಬ್ಬನಿಗೆ ಕಾದೆ, ಈಗ ಇನ್ನೊಬ್ಬ ಕೈಕೊಟ್ಟ."

ಬಾಲ್ತಜಾರ್ ಕಾದ. ಈಗ ಹೇಳುತ್ತಾರೆ. ಈಗ ಕೇಳುತ್ತಾರೆ.

"ಆದರೆ ಎರಡನೆಯ ಹದಿನೈದು ದಿನ ನಿನ್ನದು" ಎಂದರು ಪೆಂಬರ್ಟನ್. "ನನ್ನ ಮೀನಿಗೋಸ್ಕರ ಒಬ್ಬ ಮನುಷ್ಯ ತನ್ನ ಮನೆಗೆ ಹೋಗುವ ದಿನವನ್ನು ಬದಲಿಸು ಎಂದು ನಾನು ಕೇಳುವವನಲ್ಲ. ನೀನು ಇಲ್ಲವೆನ್ನುವುದಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಕೇಳುವುದಿಲ್ಲ. ನಾನು ಈದ್‌ಗೇ ಹೋಗುತ್ತೇನೆ. ದಡದಲ್ಲಿ ಕೂತು ಈ ಏಪ್ರಿಲಿನವನ ಜೊತೆ ಮಾತಾಡಿಕೊಂಡು ಬರುತ್ತೇನೆ." ಹೀಗೆಂದು ಡಬ್ಬಿ ಮುಚ್ಚಿ, ಕಾಗದಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಹುಳ ತನ್ನ ಕೆಲಸವನ್ನೆಲ್ಲ ಸರಿಯಾಗಿಯೇ ಮಾಡಿತ್ತು. ಆದರೆ ಸಾಹೇಬರ ಸೌಜನ್ಯ ಅಡ್ಡ ಬರುತ್ತದೆಂದು ಅದಕ್ಕೆ ಗೊತ್ತಿರಲಿಲ್ಲ, ಅದನ್ನು ಕಟ್ಟಿದವನಿಗೂ ಗೊತ್ತಿರಲಿಲ್ಲ. ಇನ್ನು ಉಳಿದದ್ದು ಬಾಯಿ ಒಂದೇ. ಬಾಲ್ತಜಾರ್ ಬಾಗಿಲವರೆಗೆ ಹೋದ. ಹಿಡಿಯ ಮೇಲೆ ಕೈ ಇಟ್ಟ. ಟೇಪು ಬರಿದೇ ಸುತ್ತುತ್ತಿದ್ದ ಸದ್ದು ಕಿವಿಯಲ್ಲಿ ಕೇಳಿತು. ಕನ್ನಡಕ ತೆಗೆದ. ಒರೆಸದೆ ಹಾಗೆಯೇ ಮತ್ತೆ ಹಾಕಿಕೊಂಡು ತಿರುಗಿದ.

"ಸರ್, ನನಗೆ ಮೊದಲ ಹದಿನೈದು ದಿನ ಬೇಕು."

ಪೆಂಬರ್ಟನ್ ತಲೆ ಎತ್ತಿದರು. ನಾಲ್ಕು ವರ್ಷದಲ್ಲಿ ಈ ಮನುಷ್ಯ "ಬೇಕು" ಎಂದದ್ದನ್ನು ಅವರು ಕೇಳಿರಲಿಲ್ಲ.

"ನನ್ನ ತಂಗಿಯ ಮದುವೆ. ಜೂನ್ ಒಂದಕ್ಕೆ. ಅಪ್ಪ ಇಲ್ಲ. ಅವಳ ಕೈ ಹಿಡಿದು ಕೊಡಬೇಕಾದವನು ನಾನು." ಒಮ್ಮೆ ಹೊರಟ ಮಾತು ಈಗ ನಿಲ್ಲಲಿಲ್ಲ. "ಮದುವೆ ಇದೆ ಅಂತ ನಾನು ಹುಳದ ಬಣ್ಣ ಬದಲಿಸಿಲ್ಲ, ಸರ್. ಅದು ನಿಜವಾಗಿಯೂ ಹಸಿರೇ. ನನ್ನ ಹೆಂಡತಿಗೆ ತೋರಿಸಿದ್ದೇನೆ. ಪೇಟೆಯಲ್ಲಿ ಒಬ್ಬರು ಬಟ್ಟೆ ವ್ಯಾಪಾರಿಗೂ ತೋರಿಸಿದ್ದೇನೆ."

"ಬಟ್ಟೆ ವ್ಯಾಪಾರಿಗೆ" ಎಂದರು ಪೆಂಬರ್ಟನ್.

"ಗಿಳಿ ಹಸಿರು ಎಂದರು, ಸರ್."

ಪೆಂಬರ್ಟನ್ ಮುಖವನ್ನು ಕೈಯಿಂದ ಒಂದು ಸಲ ಉಜ್ಜಿಕೊಂಡರು. "ಈ ಮದುವೆ ನಿನಗೆ ಯಾವಾಗಿನಿಂದ ಗೊತ್ತು?"

"ತಪಸ್ಸಿನ ಕಾಲದಿಂದ."

"ಅಂದರೆ ಈ ಎರಡು ಡಜನ್ ಕಟ್ಟುವ ಮೊದಲೇ." ಅವರು ಡಬ್ಬಿಯನ್ನು ಮತ್ತೆ ತೆರೆದು, ಒಂದು ಮೇಫ್ಲೈಯನ್ನು ಎತ್ತಿ, ಒಂದಿಷ್ಟೂ ಓರೆಯಿಲ್ಲದ ಅದರ ರೆಕ್ಕೆಯನ್ನು ನೋಡಿದರು. "ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ ಎಂದುಕೊಂಡೆಯಾ?"

ಬಾಲ್ತಜಾರ್ ಯೋಚಿಸಿದ. ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. "ಗೊತ್ತಿಲ್ಲ, ಸರ್. ನೀವು ನಾಲ್ಕು ವರ್ಷ ಕಾದಿದ್ದೀರಿ."

ಪೆಂಬರ್ಟನ್ ಮೇಫ್ಲೈಯನ್ನು ಮತ್ತೆ ಅದರ ಕೋಣೆಯಲ್ಲಿಟ್ಟರು. "ನನಗೂ ಗೊತ್ತಿಲ್ಲ" ಎಂದರು ಆಮೇಲೆ. "ಕೇಳುವ ಪ್ರಸಂಗ ಬಾರದಂತೆ ಅಕ್ಕ ಮೊಗ್ಗು ಕಳುಹಿಸಿದಳು. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?"

ಪಾಸ್‌ಪೋರ್ಟು ಬಾಲ್ತಜಾರನ ಜೇಬಿನಲ್ಲೇ ಇತ್ತು, ಫೋಟೋಗಳ ಸಮೇತ. ಅದನ್ನು ಜೇಬಿಗೆ ಹಾಕಿದ್ದು ಜೆಮ್ಮಾ. ಅವನಿಗೆ ಅದು ಗೊತ್ತಾದದ್ದು ಆ ಗಳಿಗೆಯಲ್ಲಿ, ಎದೆ ಮುಟ್ಟಿ ನೋಡಿಕೊಂಡಾಗ.

ಮುದ್ರೆ ಬಿತ್ತು, ಕಚೇರಿ ಮುಚ್ಚುವ ಮೊದಲೇ. ಈದ್‌ನ ಚಂದ್ರ ಕಾಣಿಸಿದ ಮರುದಿನ ಅವನೂ ಜೆಮ್ಮಾಳೂ ದಹ್ರಾನಿನಿಂದ ಬೊಂಬಾಯಿಗೆ ಹಾರಿದರು. ಅಲ್ಲಿಂದ ಬಸ್ಸು ಹಿಡಿದು, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ತೆಂಗಿನ ಹಾಲು ಹಿಂಡುವ ಹೊತ್ತಿಗೆ ಅಂಗಳ ಮುಟ್ಟಿದರು. ಮರುದಿನ ಸಂಜೆ ಚಪ್ಪರದಡಿ ಕೆಂಪು ಸೀರೆಯುಟ್ಟ ತಂಗಿಯ ಕೈಯನ್ನು ಬಾಲ್ತಜಾರ್ ಸಿಮೋನನ ಮನೆಯವರ ಕೈಯಲ್ಲಿ ಇಟ್ಟ. ನೊರ್ಬರ್ಟ್ ಮಾವ ಭಾಷಣಕ್ಕೆಂದು ಗಂಟಲು ಸರಿಮಾಡಿಕೊಂಡು ಎದ್ದರು, ಯಾರೋ ಅವರಿಗೆ ಒಂದು ಗ್ಲಾಸು ಕೊಟ್ಟು ಕೂರಿಸಿದರು. ಬಾಲ್ತಜಾರನೂ ಎರಡು ಮಾತು ಹೇಳಬೇಕಿತ್ತು. ಅವನು ಕನ್ನಡಕ ತೆಗೆದ. ಅಂದು ಅದನ್ನು ಒರೆಸಲು ಕಾರಣವಿತ್ತು.

"ಮಾತಾಡು ಅಣ್ಣ" ಎಂದಳು ಕ್ಯಾಥರಿನ್ ಮೆಲ್ಲಗೆ, "ಹಡಗು ಹೋಗ್ತದೆ." ಅವನು ನಕ್ಕ, ಆಮೇಲೆ ಮಾತು ಬಂತು.

ಆ ಹದಿನೈದು ದಿನವೂ ಅವನು ಪೂರ್ತಿ ನೆಮ್ಮದಿಯಲ್ಲಿದ್ದ ಎಂದರೆ ಸುಳ್ಳಾದೀತು. ಹೊಳೆ ಬೇಗ ಬೆಚ್ಚಗಾಗಿ ಮೇಫ್ಲೈ ಎದ್ದು ಮುಗಿದಿದ್ದರೆ? ಪಾಯಸದ ಬಟ್ಟಲು ಎದುರಿಗಿಟ್ಟುಕೊಂಡು ಅವನು ಇಂಗ್ಲೆಂಡಿನ ಹವೆಯ ಚಿಂತೆ ಮಾಡುತ್ತಿದ್ದ. ಇವನು ವಾಪಸು ಬಂದ ದಿನವೇ ಪೆಂಬರ್ಟನ್ ಡಬ್ಬಿ ಜೇಬಿಗೆ ಹಾಕಿಕೊಂಡು ಹೊರಟರು. ಆಮೇಲೆ ಸುದ್ದಿಯಿಲ್ಲ. ಬಾಲ್ತಜಾರ್ ಸ್ಟೋರಿನಲ್ಲಿ ಕೂತು ಬೋಲ್ಟುಗಳಿಗೆ ರುಜು ಹಾಕುತ್ತಾ, ಟಪಾಲಿನವನು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ.

ಜೂನ್ ಮುಗಿಯುವ ಮೊದಲು ಒಂದು ಬೆಂಕಿಪೊಟ್ಟಣ ಬಂತು. ಈ ಸಲ ಮೇಲೆ ಅವನದೇ ಹೆಸರಿತ್ತು. ಅದನ್ನು ಅವನು ಅಲ್ಲಿ ತೆರೆಯಲಿಲ್ಲ. ಮನೆಗೆ ತಂದು, ದೀಪದಡಿ ಮೇಜಿನ ಮೇಲಿಟ್ಟು, ಜೆಮ್ಮಾಳನ್ನು ಕರೆದು ಆಮೇಲೆ ತೆರೆದ. ಒಳಗೆ ಹತ್ತಿಯ ಮೇಲೆ ನಿಜವಾದ ಮೇಫ್ಲೈ ಒಂದು, ಹಾಯಿ ಎತ್ತಿಕೊಂಡು. ಎರಡು ಡಜನ್ ಕಟ್ಟಿದ್ದರೂ ಅವನು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಪಕ್ಕದಲ್ಲಿ ಅವನು ಕಟ್ಟಿದ್ದೊಂದು. ರೆಕ್ಕೆ ಹರಿದು, ಖರ್ಜೂರದ ಸಿಪ್ಪೆ ಬಿಚ್ಚಿ, ಬಾಲದ ಮೂರು ಕೂದಲಲ್ಲಿ ಒಂದು ಮಾತ್ರ ಉಳಿದಿತ್ತು. ಮೈತುಂಬ ಸಣ್ಣ ಹಲ್ಲುಗಳ ಗುರುತು.

ಜೆಮ್ಮಾ ಬಾಗಿ ನೋಡಿದಳು. "ಪಾಪ, ಚಂದ ತಿಂದಿದೆ" ಎಂದಳು.

ಬಾಲ್ತಜಾರ್ ಭೂತಗನ್ನಡಿ ಹಿಡಿದು ನಿಜದ್ದನ್ನು ನೋಡಿದ, ತನ್ನದನ್ನು ನೋಡಿದ, ಮತ್ತೆ ನಿಜದ್ದನ್ನು ನೋಡಿದ. ಅವನ ಹುಬ್ಬು ಗಂಟಿಕ್ಕಿತು.

"ಎಂತ?"

"ರೆಕ್ಕೆಯ ಬಣ್ಣ ಒಂದು ಚೂರು ತಪ್ಪಿದೆ ಜೆಮ್ಮಾ. ಇದು ನೋಡು, ಸ್ವಲ್ಪ ಹಳದಿ ಉಂಟು. ನಾನು ಬರೀ ಬೂದು ಹಾಕಿದ್ದೇನೆ." ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ಸಾಹೇಬರಿಗೆ ಹೇಳ್ಬೇಕು."

"ಮೀನಿಗೆ ಗೊತ್ತಾಗ್ಲಿಲ್ಲವಲ್ಲ ಮಾರಾಯ್ರೆ."

"ಗೊತ್ತಾಗಿಯೂ ತಿಂದಿರಬಹುದು" ಎಂದ ಬಾಲ್ತಜಾರ್. "ಹಸಿವೆಯಲ್ಲಿ."

ಜೆಮ್ಮಾ ಭೂತಗನ್ನಡಿಯನ್ನು ಅವನ ಕೈಯಿಂದ ತೆಗೆದುಕೊಂಡು, ಅಡುಗೆಮನೆಯ ಕಡೆಗೆ ತಿರುಗಿದಳು. ಕುಕ್ಕರಿನಲ್ಲಿ ಹುಂಜ ಇನ್ನೂ ಬೇಯುತ್ತಿತ್ತು. "ಊಟಕ್ಕೆ ಬನ್ನಿ" ಎಂದಳು. "ಅದರ ಬಣ್ಣ ನೋಡ್ಬೇಡಿ, ತಿನ್ನಿ."